ಅರಿಷ್ಟದ ಬಾಟಲಿಯಲ್ಲಿ ಏನಿತ್ತು?

ಕಟ್ಟಾಯದ ಹತ್ತಿರದ ಊರಿನ ದೊಡ್ಡಬೀರಯ್ಯ ಕುಡಿತ ಬಿಟ್ಟಾಗ "ಎಷ್ಟು ದಿನವೋ ನೋಡೋಣ" ಎಂದು ನಕ್ಕವರೇ ಹೆಚ್ಚು. ಅವನು ಡಾಕ್ಟರು ಕೊಟ್ಟ ಕುಡಿತ ಬಿಡಿಸುವ ಮಾತ್ರೆಯನ್ನು ಬಿಡದೆ ನುಂಗಿದ, ನಕ್ಕವರ ಬಾಯಿ ಮುಚ್ಚಿಸಿದ. ಹೆಂಡತಿ ಬೀರಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಮಾರ್ನಾಮಿಯಲ್ಲಿ ಹಿರಿಯರ ಎಡೆಗೆ ಇಡುತ್ತಿದ್ದ ಬ್ರಾಂದಿಯನ್ನೂ ಈ ಸಲ ಕೈಬಿಟ್ಟು ಎಳನೀರಿಟ್ಟಳು. "ನಮ್ಮ ಮಾವ್ನೋರ್ಗೂ ಇನ್ಮೇಲೆ ಎಳ್ನೀರೇ ಕಣ್ರವ್ವ" ಎಂದು ಹೆಂಗಸರ ಸಂಘದಲ್ಲಿ ಬೀಗಿದಳು.

ಹಬ್ಬ ಕಳೆದ ಮೇಲೆ ಗಂಡನಿಗೆ ಊಟ ಸೇರದಾಯಿತು. ಹೊಳೆನರಸೀಪುರಕ್ಕೆ ಹೋದ ಬೀರಮ್ಮ ಹಸಿವಿಗೆಂದು ಆಯುರ್ವೇದದ ಟಾನಿಕ್ಕು, ಅರಿಷ್ಟದ ಬಾಟಲಿ ತಂದು ಕುಡಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಅವನ ಮುಖ ಕೆಂಪೇರಿತು. ಎದೆ ಡವಡವ ಹೊಡೆದುಕೊಂಡಿತು, ವಾಂತಿ ನಿಲ್ಲಲಿಲ್ಲ. ಆಶಾ ಕಾರ್ಯಕರ್ತೆ ಕಮಲಾಕ್ಷಮ್ಮ ಓಡಿಬಂದು ಆಟೋ ಹತ್ತಿಸಿದಳು.

"ಮಾತ್ರೆ ಮ್ಯಾಲೆ ಕುಡುದ್ರೆ ಇಂಗೇ ಆಯ್ತದೆ ಅಂತ ಡಾಕ್ಟ್ರು ಯೋಳಿದ್ರು. ನಿಜ ಯೋಳು, ಎಲ್ಲಿ ಕುಡುದ್ಬುಟ್ಟೆ?" ಎಂದಳು ಬೀರಮ್ಮ.

"ಒಂದು ತೊಟ್ಟೂ ಇಲ್ಲ ಕಣೇ, ನಿನ್ನಾಣೆ."

ಅವಳು ನಂಬಲಿಲ್ಲ. ದಾರಿಯುದ್ದಕ್ಕೂ ಅತ್ತಳು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ಅವನು ಚೇತರಿಸಿಕೊಂಡ. "ಬೇರೆ ಔಷಧಿ ಏನಾರ ಕೊಟ್ಟಿದ್ರಾ?" ಎಂದು ಕಮಲಾಕ್ಷಮ್ಮ ಕೇಳಿದಳು.

"ಅರಿಷ್ಟ ಕೊಟ್ಟೆ ಕಣಕ್ಕ. ಅದು ಬೇರು-ನಾರು, ಅದ್ರಾಗೆ ಎಂಡ ಎಲ್ಲಿಂದ ಬತ್ತದೆ?"

"ಬೆಲ್ಲ ಆಕಿ ಹುಳಿ ಬರ್ಸ್ತಾರೆ ಕಣಮ್ಮ, ಆಗ ಆಲ್ಕೋಹಾಲ್ ತಾನಾಗೇ ಆಯ್ತದೆ. ಕೆಲವು ಕೆಮ್ಮಿನ ಸಿರಪ್ನಾಗೂ ಇರ್ತದೆ, ಬಾಟ್ಲಿ ಮ್ಯಾಲೆ ಬರ್ದಿರ್ತಾರೆ. ಈ ಮಾತ್ರೆ ತಕಳೋರ್ಗೆ ಅದು ಜೀವಕ್ಕೇ ಅಪಾಯ."

ಡಾಕ್ಟರೂ ಹೌದೆಂದು ತಲೆಯಾಡಿಸಿದರು. ಬೀರಮ್ಮ ಗಂಡನ ಕೈ ಹಿಡಿದುಕೊಂಡಳು.

"ನೀನು ಮಾತು ಉಳಿಸ್ಕಂಡಿದ್ದೆ. ಕುಡಿಸ್ದೋಳು ನಾನು."

"ಈಗ್ಲಾರ ನಂಬುದ್ಯಲ್ಲ, ಬುಡು" ಎಂದ ಅವನು.

ಊರಲ್ಲಿ ಆಗಲೇ ಗುಸುಗುಸು ಎದ್ದಿತ್ತು. ಆಟೋ ಇಳಿದವಳೇ ಬೀರಮ್ಮ ಎಲ್ಲರ ಮುಂದೆ ನಿಂತಳು. "ನನ್ ಗಂಡ ಕುಡ್ದಿಲ್ಲ ಕಣ್ರೋ! ತಿಳೀದೆ ಕುಡಿಸ್ದೋಳು ನಾನು. ನಿಮ್ಮನೆ ಔಷಧಿ ಬಾಟ್ಲೀನೂ ಒಸಿ ನೋಡ್ಕಳಿ!" ದೊಡ್ಡಬೀರಯ್ಯ ತಲೆಯೆತ್ತಿಕೊಂಡೇ ಮನೆಗೆ ನಡೆದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕುಡಿತ ಬಿಡುತ್ತಿರುವವರು, ಲಿವರ್ ಕಾಯಿಲೆಯವರು, ಗರ್ಭಿಣಿಯರು, ಮಕ್ಕಳು ಇರಬಹುದು. ಸಿರಪ್, ಟಾನಿಕ್, ಅರಿಷ್ಟ ಯಾವುದನ್ನೇ ಕೊಳ್ಳುವಾಗ "ಇದರಲ್ಲಿ ಆಲ್ಕೋಹಾಲ್ ಇದೆಯಾ?" ಎಂದು ಕೇಳಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಯಾವುದೆಂದು ಡಾಕ್ಟರಿಗೂ ಔಷಧಿ ಅಂಗಡಿಯವರಿಗೂ ತಿಳಿಸಿ. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ. ಕಷ್ಟಪಟ್ಟು ಕುಡಿತ ಬಿಟ್ಟವರಿಗೆ ನಿಮ್ಮ ಕೈಯಾರೆ ಕುಡಿಸಬೇಡಿ.