ಕೈಗೆ ಬಾರದ ಬಡಿತ

"ಹದಿನೆಂಟು. ಇಂಟು ನಾಲ್ಕು, ಎಪ್ಪತ್ತೆರಡು" ಎಂದು ಕೃಷ್ಣಸ್ವಾಮಿ ಹೆಂಡತಿಯ ಮಣಿಕಟ್ಟನ್ನು ಬಿಟ್ಟ. ನಿಮಿಷ ಮುಗಿಯಲು ಇನ್ನೂ ನಲವತ್ತೈದು ಸೆಕೆಂಡು ಇತ್ತು.

ಊರ್ಮಿಳಾ ಸ್ಟೆತಾಸ್ಕೋಪನ್ನು ಎದೆಗೆ ಒತ್ತಿಕೊಂಡು ಎಣಿಸುತ್ತಲೇ ಇದ್ದಳು. ಒಳಗೆ ಎರಡು ಬಡಿತ ಒಂದರ ಕಾಲನ್ನೊಂದು ತುಳಿದುಕೊಂಡು ಓಡಿದವು. ಆಮೇಲಿನದು ನಿಂತು ಯೋಚಿಸಿತು. ಆಮೇಲೆ ನಾಲ್ಕು ಒಟ್ಟಿಗೆ. ಗೋಡೆ ಗಡಿಯಾರದ ಮುಳ್ಳು ಒಂದು ಸುತ್ತು ಬಂದಾಗ ನೂರ ಹದಿನಾಲ್ಕು.

"ನಿಂದೆಷ್ಟು?" ಅವನು ಬಚ್ಚಲಿನಿಂದ ಕೇಳಿದ.

"ಎಪ್ಪತ್ತೆಂಟು."

"ಗುಡ್. ಬರಿ."

ಬರೆದಳು. ಡಾಕ್ಟರು ಹೇಳಿದ್ದು ಸರಳವಾಗಿತ್ತು. ಒಬ್ಬರು ಎದೆಯಲ್ಲಿ ಕೇಳಬೇಕು, ಇನ್ನೊಬ್ಬರು ಮಣಿಕಟ್ಟಿನಲ್ಲಿ ಹಿಡಿಯಬೇಕು. ಇಬ್ಬರೂ ಒಂದೇ ಹೊತ್ತಿಗೆ, ಪೂರ್ತಿ ಒಂದು ನಿಮಿಷ. ಎರಡಕ್ಕೂ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಇರದಿದ್ದರೆ ಹೃದಯದ ಕವಾಟದ ಆಪರೇಷನ್ನಿಗೆ ತಾರೀಖು. ಈಗಾಗಲೇ ಎರಡು ಸಲ ಮುಂದೆ ಹೋಗಿತ್ತು. ಅವಳಿಗೆ ದೊಡ್ಡ ಆಸೆಗಳೇನೂ ಉಳಿದಿರಲಿಲ್ಲ. ಒಂದು ರಾತ್ರಿ ಬೆನ್ನು ಚಾಚಿ ಮಲಗಬೇಕು. ವರ್ಷದಿಂದ ಮೂರು ದಿಂಬಿಗೆ ಒರಗಿ, ರೈಲಿಗೆ ಕಾಯುವವಳ ಹಾಗೆ ಕೂತೇ ನಿದ್ದೆ ಮಾಡುತ್ತಿದ್ದಳು.

ಮೊದಲ ದಿನ ಅವಳು ನಿಜವನ್ನೇ ಹೇಳಿದ್ದಳು, ನೂರ ಹದಿನೆಂಟು ಎಂದು. ಅವನು ನಕ್ಕಿದ್ದ. "ಒಂದೇ ಬಡಿತಾನ ಲಬ್ ಒಂದು, ಡಬ್ ಒಂದು ಅಂತ ಎರಡು ಸಲ ಎಣಿಸಿರ್ತೀಯ ಕಣೆ." ಅವಳು ಪ್ರಾಣಿಶಾಸ್ತ್ರದ ಬಿ.ಎಸ್ಸಿ.; ಮದುವೆಗೆ ಮುಂಚೆ ಒಂದು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆಯ ಎದೆ ಬಿಡಿಸಿ ಹುಡುಗಿಯರಿಗೆ ತೋರಿಸಿದವಳು. ಅದನ್ನು ಹೇಳಲಿಲ್ಲ. ಎರಡನೆಯ ದಿನ ನೂರ ಹನ್ನೆರಡು ಅಂದಾಗ ಅವನು ಪೆನ್ಸಿಲ್ ಕೆಳಗಿಟ್ಟ. "ನಿಂಗೇ ಆಪರೇಷನ್ ಬೇಡ ಅಂತ ಕಾಣುತ್ತೆ." ಮೂರನೆಯ ದಿನ ಎಂಬತ್ತು ಅಂದಳು. ಅವನ ಮುಖ ಸಡಿಲವಾಯಿತು. ಅಲ್ಲಿಂದ ಚಾರ್ಟು ಸಲೀಸಾಗಿ ನಡೆಯಿತು.

ಹಾಗೆ ಹನ್ನೊಂದು ದಿನ.

ಕೃಷ್ಣಸ್ವಾಮಿ ಸರ್ಕಾರಿ ಕಾರ್ಖಾನೆಯಲ್ಲಿ ಟೈಮ್ ಸ್ಟಡಿ ಆಫೀಸರು. ಕೆಲಸಗಾರರ ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಂತು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಸಾಕೆಂದು ಗೊತ್ತು ಮಾಡುವುದು ಅವನ ಕೆಲಸ. ಅವನು ಬಂದನೆಂದರೆ, ಹೆಚ್ಚು ಹೊತ್ತು ಬರೆದುಕೊಳ್ಳಲೆಂದು, ಅವರ ಕೈ ನಿಧಾನವಾಗುತ್ತಿತ್ತು. ಇವಳ ಎದೆ ಜೋರಾಗುತ್ತಿತ್ತು. ಅವನಿಗೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ.

ಅಂದೇ ಆಸ್ಪತ್ರೆಗೆಂದು ಪೀಣ್ಯದಿಂದ ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸಿನಲ್ಲಿ ಅವನು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನ ಲಕ್ಷ್ಮಯ್ಯನ ಸುದ್ದಿ ತೆಗೆದ.

"ನಿನ್ನೆ ಹಿಡಿದೆ ಅವನ್ನ. ತಗಡೇ ಇಡದೆ ಮಷೀನ್ ಓಡಿಸ್ತಿದ್ದ."

"ಯಾಕೆ?"

"ಯಾಕೆ ಅಂದ್ರೆ? ಕೌಂಟರ್ ಏರುತ್ತಲ್ಲ. ಅದಕ್ಕೇನು ಗೊತ್ತು, ಏಟು ಬಿದ್ರೆ ಒಂದು. ತಗಡಿದ್ರೆ ಧಪ್ ಅನ್ನುತ್ತೆ, ಇಲ್ದಿದ್ರೆ ಬರೀ ಟಕ್. ನಾನು ಬಾಗಿಲಲ್ಲೇ ಹೇಳಿಬಿಡ್ತೀನಿ."

"ಒಳ್ಳೆ ಕಿವಿ ನಿಮ್ಮದು."

ಅವನು ಸಂತೋಷಪಟ್ಟ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚಾರ್ಟನ್ನು ಮೊದಲು ಬೇಗ ನೋಡಿದರು, ಆಮೇಲೆ ನಿಧಾನವಾಗಿ. ಪೆನ್ನಿನ ತುದಿ ನಾಡಿಯ ಸಾಲಿನಲ್ಲಿ ಮೇಲಿನಿಂದ ಕೆಳಗೆ ಇಳಿಯಿತು.

"ಎಪ್ಪತ್ತೆರಡು, ಎಪ್ಪತ್ತಾರು, ಎಂಬತ್ತು, ಎಪ್ಪತ್ತೆರಡು. ಎಲ್ಲಾ ನಾಲ್ಕರಿಂದ ಭಾಗ ಆಗುತ್ತಲ್ಲ. ಎಷ್ಟು ಹೊತ್ತು ಎಣಿಸಿದ್ರಿ?"

"ಹದಿನೈದು ಸೆಕೆಂಡು ಮೇಡಂ. ಇಂಟು ನಾಲ್ಕು. ಸ್ಟ್ಯಾಂಡರ್ಡ್ ಮೆಥಡ್."

"ತಾಳ ಇರೋ ನಾಡಿಗೆ ಸರಿ. ಇದಕ್ಕೆ ತಾಳವೇ ಇಲ್ಲ. ಈ ಕಾಲು ನಿಮಿಷ ಇದ್ದ ಹಾಗೆ ಮುಂದಿನದು ಇರಲ್ಲ, ಸ್ವಾಮಿ."

ಸಿಸ್ಟರನ್ನು ಕರೆದರು. ಸಿಸ್ಟರು ಮಣಿಕಟ್ಟು ಹಿಡಿದರು, ಡಾಕ್ಟರು ಎದೆ ಕೇಳಿದರು. ಪೂರ್ತಿ ಒಂದು ನಿಮಿಷ ಇಬ್ಬರೂ ಎಣಿಸಿದರು. ಇಬ್ಬರು ಅಪರಿಚಿತರು ತನ್ನ ಮೇಲೆ ಇಷ್ಟು ಗಮನವಿಟ್ಟದ್ದು ಊರ್ಮಿಳಾಗೆ ನಾಚಿಕೆ ತರಿಸಿತು.

"ಎಂಬತ್ತೊಂದು" ಅಂದರು ಸಿಸ್ಟರು.

"ನಂದು ನೂರ ಇಪ್ಪತ್ತೆರಡು."

ಕೃಷ್ಣಸ್ವಾಮಿ ಸಿಸ್ಟರ ಗಡಿಯಾರದ ಕಡೆ ನೋಡಿದ. ಅದು ಸರಿಯಾಗಿ ನಡೆಯುತ್ತಿತ್ತು.

"ಮಿಕ್ಕ ನಲವತ್ತೊಂದು ಎಲ್ಲಿ ಹೋಯ್ತು ಮೇಡಂ?"

"ಹೃದಯ ತುಂಬೋ ಮುಂಚೆನೇ ಹಿಂಡಿಬಿಡುತ್ತೆ. ಒಳಗೆ ರಕ್ತವೇ ಇರಲ್ಲ. ಎದೇಲಿ ಕೇಳುತ್ತೆ, ಕೈಗೆ ಬರಲ್ಲ." ಡಾಕ್ಟರು ಅವಳ ಕಡೆ ತಿರುಗಿದರು. "ಆದ್ರೆ ಎದೇದು ನೀವು ಕೇಳಿದ್ದಲ್ಲವಾ? ಎಪ್ಪತ್ತೆಂಟು ಅಂತ ಬರೆದಿದೀರಿ. ಇವತ್ತು ಬೆಳಿಗ್ಗೆ ಅಷ್ಟೇ ಕೇಳಿಸ್ತಾ?"

ನೂರ ಹದಿನಾಲ್ಕು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಕೃಷ್ಣಸ್ವಾಮಿ ಅವಳನ್ನು ನೋಡುತ್ತಿರಲಿಲ್ಲ. ಶರ್ಟಿನ ಜೇಬಿನಲ್ಲಿದ್ದ ಸ್ಟಾಪ್‌ವಾಚನ್ನು ಬಟ್ಟೆಯ ಮೇಲಿನಿಂದಲೇ ಮುಟ್ಟಿಕೊಳ್ಳುತ್ತಿದ್ದ.

"ಸರಿಯಾಗಿ ಗೊತ್ತಾಗ್ಲಿಲ್ಲ" ಅಂದಳು.

"ಹೋದ ವಾರ ನೀವು ಫೋನಲ್ಲಿ ಹೇಳಿದ ಈ ಅಂಕಿಗಳನ್ನ ನಂಬಿ ನಾನು ಮಾತ್ರೆ ಜಾಸ್ತಿ ಮಾಡಲಿಲ್ಲ ನೋಡಿ" ಎಂದು ಡಾಕ್ಟರು ಹೊಸ ಹಾಳೆ ತೆಗೆದರು. "ಹದಿನೆಂಟನೇ ತಾರೀಖಿಗೆ ನಿಮ್ಮ ಹೆಸರಿತ್ತು. ಅದನ್ನ ಬೇರೆಯವರಿಗೆ ಕೊಡ್ತೀವಿ. ಈಗ ಮಾತ್ರೆ ಏರಿಸ್ತೀನಿ, ಒಂದು ತಿಂಗಳು ಎಣಿಸಿ. ಸರಿಯಾಗಿ ಎಣಿಸಿ, ಇಬ್ಬರೂ."

ಹಿಂದಿರುಗುವಾಗ ಬಸ್ಸು ಯಶವಂತಪುರ ದಾಟುವ ತನಕ ಅವನು ಹಳೆಯ ಚಾರ್ಟಿನ ಅಂಕಿಗಳ ಮೇಲೆ ಬೆರಳಾಡಿಸುತ್ತಿದ್ದ.

"ನಾಲ್ಕರಿಂದ ಭಾಗ ಆಗುತ್ತಂತೆ" ಅಂದ ಕೊನೆಗೆ. "ಅದನ್ನ ಒಂದು ಕಂಡುಹಿಡಿದರು."

ಅವಳು ಕಿಟಕಿಯಾಚೆ ನೋಡಿದಳು.

"ನಿಂಗಾದ್ರೂ ಕೇಳಿಸಬೇಕಿತ್ತು ಊರ್ಮಿಳಾ. ನಿನ್ನ ಎದೆ ತಾನೆ?"

"ಹೌದು" ಅಂದಳು.

ಬಾಡಿಗೆ ಮನೆಯ ಮೆಟ್ಟಿಲು ನಾಲ್ಕೇ ನಾಲ್ಕು. ಎರಡನೆಯದರಲ್ಲಿ ನಿಂತು ಉಸಿರು ತೆಗೆದುಕೊಂಡಳು. ಮನೆಯೊಡತಿ ಮುನಿಯಕ್ಕ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ರಾಗಿ ಬೆಳೆಯುತ್ತಿದ್ದ ಪಕ್ಕದ ಜಾಗವನ್ನು ತಗಡು ಒತ್ತುವ ಶೆಡ್ಡಿಗೆ ಕೊಟ್ಟಮೇಲೆ ಅವಳಿಗೆ ಹಗಲೆಲ್ಲ ಬಿಡುವು.

"ಏನವ್ವ, ದಿನ ಗೊತ್ತು ಮಾಡಿದ್ರಾ?"

"ಮುಂದಕ್ಕೆ ಹಾಕಿದ್ರು ಮುನಿಯಕ್ಕ."

"ಇನ್ನೂ ಮುಂದಕ್ಕಾ? ನೀನ್ ನೋಡುದ್ರೆ ಇಂಗೆ ಏದ್ತಾ ಇದೀಯ." ಅವಳು ಶೆಡ್ಡಿನ ಕಡೆ ಮುಖ ತಿರುವಿದಳು. "ಅಲ್ಲಿ ಮಿಸಿನ್ನು ಕೆಟ್ಟೋಗಿತ್ತು. ಮಧ್ಯಾನದಿಂದ ರಿಪೇರಿ ಮಾಡವ್ರೆ. ಈಗ ತಗಡಿಲ್ಲ ಏನಿಲ್ಲ, ಸುಮ್ಕೆ ಒಡ್ಕಂತ ಕುಂತೈತೆ."

ಗೋಡೆಯಾಚೆಯಿಂದ ಟಕ್, ಟಕ್ ಎಂದು ಬರುತ್ತಿತ್ತು.

ಕೃಷ್ಣಸ್ವಾಮಿ ಕಾಫಿ ಕುಡಿದು ಮುಗಿಸಿ, ಹೊಸ ಹಾಳೆಗೆ ಸ್ಕೇಲು ಇಟ್ಟು ಗೆರೆ ಎಳೆದ. ತಾರೀಖು. ನಾಡಿ. ಎದೆ. ವ್ಯತ್ಯಾಸ. ಗೆರೆಗಳು ಅಂದವಾಗಿದ್ದವು. ಮಂಚದ ಅಂಚಿನಲ್ಲಿ ಕೂತು ಕೈ ಚಾಚಿದ.

"ಕೊಡು. ಈಗ ಪೂರ್ತಿ ನಿಮಿಷ."

ಅವಳು ಸ್ಟೆತಾಸ್ಕೋಪು ಕಿವಿಗೆ ಏರಿಸಿದಳು. ಹೊರಗಿನ ಸದ್ದು ಅಡಗಿ ಒಳಗಿನದು ಎದ್ದಿತು. ಮೂರು ಒಟ್ಟಿಗೆ, ಆಮೇಲೆ ಏನೂ ಇಲ್ಲ, ಆಮೇಲೆ ಎರಡು. ಅವನ ಬೆರಳು ಮಣಿಕಟ್ಟಿನ ಮೇಲೆ ಬಿಗಿಯಾಗಿತ್ತು. ಕಣ್ಣು ವಾಚಿನ ಮೇಲೆ, ತುಟಿ ಸಣ್ಣಗೆ ಆಡುತ್ತಿತ್ತು. ಮದುವೆಯಾದಾಗಿನಿಂದ ಅವನು ಇಷ್ಟು ಹೊತ್ತು ತನ್ನ ಕೈ ಹಿಡಿದದ್ದು ಇದೇ ಮೊದಲಿರಬೇಕು ಅನ್ನಿಸಿತು. ನಿಮಿಷ ಮುಗಿದದ್ದು ತಿಳಿಯಲೆಂದು ಅವಳು ಅವನ ತುಟಿಯನ್ನೇ ನೋಡಿದಳು.

ತುಟಿ ಸಮವಾಗಿ ಆಡುತ್ತಿತ್ತು. ತೀರ ಸಮವಾಗಿ.

ಅವಳ ಎದೆ ಹಾಗೆ ಬಡಿಯುತ್ತಿರಲಿಲ್ಲ. ಯಂತ್ರದ ಏಟು ನೆಲದಿಂದ ಮಂಚದ ಕಾಲಿಗೆ, ಅಲ್ಲಿಂದ ಅವಳ ಬೆನ್ನಿಗೆ ಬರುತ್ತಿತ್ತು. ಒಂದು ಏಟು, ತುಟಿ. ಒಂದು ಏಟು, ತುಟಿ. ಒಂದೂ ತಪ್ಪಲಿಲ್ಲ.

"ಎಪ್ಪತ್ತು" ಎಂದು ಕೈ ಬಿಟ್ಟ. ಅವಳು ಕಿವಿಯಿಂದ ಕೊಳವೆ ತೆಗೆದಳು. "ಒಂದೊಂದನ್ನೂ ಎಣಿಸಿದೀನಿ. ನಾಲ್ಕರಿಂದ ಭಾಗ ಆಗಲ್ಲ ನೋಡು ಬೇಕಾದ್ರೆ."

ಬರೆದ. ಪೆನ್ಸಿಲ್ ಪಕ್ಕದ ಖಾಲಿ ಚೌಕಕ್ಕೆ ಸರಿದು ನಿಂತಿತು.

"ನಿಂದೆಷ್ಟು?"

ನೂರ ಇಪ್ಪತ್ತಾರು. ಊರ್ಮಿಳಾ ಪೆನ್ಸಿಲಿನ ಚೂಪು ತುದಿಯನ್ನು ನೋಡುತ್ತ ಕೂತಳು. ಗೋಡೆಯಾಚೆ ಯಂತ್ರ ತಗಡಿಲ್ಲದೆ ಬಡಿಯುತ್ತಲೇ ಇತ್ತು. ಅಲ್ಲಿ ಕೌಂಟರಿನಲ್ಲಿ ಅಂಕಿ ಏರುತ್ತಿರಬೇಕು.