ಭಾನುವಾರಕ್ಕೆಂದು ತುಂಬಿಟ್ಟ ಬ್ಯಾಟರಿ

ಲಿಫ್ಟ್ ರಿಪೇರಿ ಮಾಡುವವನು ತನಗೂ ಒಂದು ಭಾನುವಾರ ಇದೆ ಎಂದು ನಂಬಿದರೆ ಅದು ಅವನದೇ ತಪ್ಪು. ವಾರವೆಲ್ಲ ತೆಪ್ಪಗೆ ಹತ್ತಿಳಿಯುವ ಲಿಫ್ಟುಗಳು ಆ ಒಂದು ದಿನ ನೋಡಿಕೊಂಡೇ ಹಟ ಹಿಡಿದು ನಿಲ್ಲುತ್ತವೆ. ಅವತ್ತೂ ಬೆಳಿಗ್ಗೆ ಆರಕ್ಕೆ ಹೋದವನು ಹನ್ನೆರಡರ ಹೊತ್ತಿಗೆ ಕೈತುಂಬ ಗ್ರೀಸು, ಸೊಂಟದಲ್ಲಿ ನೋವು ಹೊತ್ತುಕೊಂಡು ನಾಲ್ಕನೇ ಮಹಡಿಯ ಮನೆಗೆ ಮೆಟ್ಟಿಲು ಹತ್ತಿ ಬಂದ. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಹೆಂಡತಿಗೆ ಅದೊಂದು ಮುಗಿಯದ ತಮಾಷೆ.

ಅಂದು ಅವಳು ತಮಾಷೆ ಮಾಡಲಿಲ್ಲ. ಬಾಲ್ಕನಿ ಗುಡಿಸುವಾಗ ತಗಡಿನ ಪೆಟ್ಟಿಗೆ ತೆಗೆದು ನೋಡಿದೆ, ಆಟದ ವಿಮಾನದ ಬ್ಯಾಟರಿಗಳಲ್ಲಿ ಒಂದು ಹೊಟ್ಟೆ ಉಬ್ಬರಿಸಿಕೊಂಡು ಕೂತಿದೆ ಎಂದಳು. ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡಿ ಕೆಟ್ಟ ಸುದ್ದಿಯನ್ನು ಮೆಲ್ಲಗೆ ಹೇಳುವುದು ಅವಳಿಗೆ ಅಭ್ಯಾಸವಾಗಿತ್ತು. ಪೆಟ್ಟಿಗೆ ಇದ್ದ ಗೋಡೆಯ ಈಚೆಗೇ ಮಗಳ ಮಂಚ. ಊದಿದ ಬ್ಯಾಟರಿ ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು. ಅವಳು ಆ ಮಂಚದ ಕಡೆ ನೋಡಿದಳು.

"ಚಾರ್ಜ್ ತುಂಬಿಡಬಾರದು ಅಂತ ಅವಳಿಗೆ ಹೇಳಿಕೊಟ್ಟಿದ್ದೇ ನೀವು. ಮತ್ತೆ ನೀವೇ ಯಾಕ್ರೀ ಇಷ್ಟು ದಿನ ತುಂಬಿಟ್ಟಿದ್ರಿ?"

ಅವನು ಅಸಡ್ಡೆಯ ಮನುಷ್ಯನಲ್ಲ. ಚಾರ್ಜ್ ಮಾಡುವುದು ಬಾಲ್ಕನಿಯ ಟೈಲ್ಸ್ ನೆಲದ ಮೇಲೆ, ಪಕ್ಕದಲ್ಲಿ ಮರಳು ತುಂಬಿದ ಮಣ್ಣಿನ ಕುಂಡ, ಹತ್ತಿರದಲ್ಲಿ ಬಟ್ಟೆ ಕಾಗದ ಇರಕೂಡದು, ಚಾರ್ಜ್ ತುಂಬುವಾಗಲೂ ಇಳಿಸುವಾಗಲೂ ಯಾರಾದರೂ ಕಾದು ಕೂತಿರಬೇಕು. ಹತ್ತು ವರ್ಷದ ಮಗಳು ಇದನ್ನೆಲ್ಲ ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದ್ದಳು. ತಪ್ಪು ಹುಡುಕುವುದರಲ್ಲಿ ಎತ್ತಿದ ಕೈ ಆದ್ದರಿಂದ ಮನೆಯಲ್ಲಿ ಅವಳಿಗೆ ಇನ್ಸ್‌ಪೆಕ್ಟರ್ ಎಂದೇ ಹೆಸರು. ರಟ್ಟಿನ ಕೊನೆಯ ಸಾಲು: ಎರಡು ಮೂರು ದಿನದಲ್ಲಿ ಹಾರಿಸದಿದ್ದರೆ ಅರ್ಧಕ್ಕೆ ಇಳಿಸಿಡಬೇಕು.

ಅವನು ಮುರಿದದ್ದು ಆ ಒಂದು ಸಾಲನ್ನು. ಒಂಬತ್ತು ವಾರದ ಹಿಂದೆ, ಬರುವ ಭಾನುವಾರ ಮೈದಾನಕ್ಕೆ ಹೋಗೋಣ ಎಂದು ಮಗಳಿಗೆ ಮಾತು ಕೊಟ್ಟು ನಾಲ್ಕೂ ಬ್ಯಾಟರಿ ತುಂಬಿಸಿದ್ದ. ಆ ಭಾನುವಾರ ಒಂದು ಆಸ್ಪತ್ರೆಯ ಲಿಫ್ಟ್ ಕೆಟ್ಟಿತು. ಮುಂದಿನ ವಾರ ಮತ್ತೊಂದು. ಪ್ರತಿ ಸಲವೂ ಇಳಿಸಿಡಲು ಹೋಗಿ ಚಾರ್ಜರಿನಲ್ಲಿದ್ದ ಇಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಹಿಂದೆ ತೆಗೆದಿದ್ದ. ಇಳಿಸಿಬಿಟ್ಟರೆ, ಮುಂದಿನ ವಾರವೂ ಇಲ್ಲ ಎಂದು ತನ್ನ ಕೈಯಾರೆ ಬರೆದುಕೊಟ್ಟಂತೆ. ತುಂಬಿದ್ದರೆ ಮಾತು ಇನ್ನೂ ಉಳಿದಿದೆ ಎಂಬ ಲೆಕ್ಕ. ಕೆಲಸ ಬೇಗ ಮುಗಿಯಲೆಂದು ಲಿಫ್ಟಿನ ಬಾಗಿಲ ಸುರಕ್ಷತೆಯ ಬೀಗವನ್ನು ಒಂದು ದಿನವೂ ತಪ್ಪಿಸದವನು ಮನೆಯಲ್ಲಿ ಮಾಡಿದ್ದು ಇದು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸುಸ್ತಾಗಿತ್ತು.

ಊದಿದ ಬ್ಯಾಟರಿಯನ್ನು ಜೋಪಾನವಾಗಿ ಎತ್ತಿ ಕುಂಡದ ಮರಳಿನಲ್ಲಿ ಹೂತ. ನಾಳೆ ಅದನ್ನು ಹಳೆ ಬ್ಯಾಟರಿ ತೆಗೆದುಕೊಳ್ಳುವ ಕಡೆ ಕೊಟ್ಟು ಬರಬೇಕು. ಉಳಿದ ಮೂರನ್ನು ತಿರುಗಿಸಿ, ಬೆರಳಿನಿಂದ ಸವರಿ ನೋಡಿದ. ಚಪ್ಪಟೆಯಾಗಿದ್ದವು. ಮೊದಲನೆಯದನ್ನು ಚಾರ್ಜರಿಗೆ ಸಿಕ್ಕಿಸುವಾಗ ಇನ್ಸ್‌ಪೆಕ್ಟರ್ ಬಂದು ಬಾಗಿಲಿಗೆ ಒರಗಿ ನಿಂತಳು.

"ಇಳಿಸ್ತಾ ಇದೀನಿ ಪುಟ್ಟ," ಎಂದ ಅವನು, ಅವಳ ಮುಖ ನೋಡದೆ. "ಮುಂದಿನ ವಾರ ಆಗುತ್ತೋ ಇಲ್ವೋ, ಗೊತ್ತಿಲ್ಲ. ಸುಮ್ಮನೆ ಆಗುತ್ತೆ ಆಗುತ್ತೆ ಅಂತ ಹೇಳ್ತಾ ಬಂದೆ."

ಅಳುತ್ತಾಳೆ ಎಂದುಕೊಂಡಿದ್ದ. ಅವಳು ಚಾರ್ಜರ್ ನೋಡುತ್ತಿದ್ದಳು.

"ಇಳಿಯೋಕೆ ಎಷ್ಟೊತ್ತು ಬೇಕು?"

ಒಂದೊಂದಕ್ಕೆ ಒಂದೂವರೆ ಗಂಟೆ ಎಂದ. ಮೂರಕ್ಕೂ ಸೇರಿ ನಾಲ್ಕೂವರೆ ಎಂದು ಅವಳು ಬೆರಳು ಮಡಿಸಿದಳು. ಒಳಗೆ ಹೋಗಿ ಎರಡು ಮೋಟು ಸ್ಟೂಲು ತಂದು ಹಾಕಿದಳು.

"ಅಪ್ಪ, ಪ್ರತಿ ಶನಿವಾರ ತುಂಬಿಸಿ ಭಾನುವಾರ ಇಳಿಸಿದ್ರೆ ನಾವು ಎರಡು ಸಲ ಕೂರಬೇಕಾಗುತ್ತೆ ಅಲ್ವಾ? ತುಂಬಿಟ್ಟಮೇಲೆ ನೀನು ಕೂರಲೇ ಇಲ್ಲ."

ವಿಮಾನ ಹಾರಲಿಲ್ಲ ಎಂದು ಇಷ್ಟು ದಿನ ಒಳಗೊಳಗೇ ಬೆಂದಿದ್ದ. ಇವಳು ಕಾದದ್ದು ವಿಮಾನಕ್ಕಲ್ಲ. ಅಪ್ಪ ಎದ್ದು ಹೋಗಬಾರದು ಎಂಬ ನಿಯಮವಿದ್ದ ಆ ಹೊತ್ತಿಗೆ ಕಾದಿದ್ದಳು. ಅದನ್ನೇ ಅವನು ಒಂಬತ್ತು ವಾರ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದ. ಕಣ್ಣು ಒದ್ದೆಯಾಯಿತು, ಗ್ರೀಸಿನ ಕೈಯಲ್ಲಿ ಒರೆಸಿಕೊಳ್ಳುವಂತಿರಲಿಲ್ಲ.

ಅವನು ಕೂತ. ಸೊಂಟದ ನೆಟಿಗೆ ಮುರಿಯಿತು. ಇಬ್ಬರೂ ಅಂಕೆ ಇಳಿಯುವುದನ್ನು ನೋಡುತ್ತ, ಅವಳ ಶಾಲೆಯಲ್ಲಿ ಕಣ್ಣು ತೆರೆದೇ ನಿದ್ದೆ ಮಾಡುವ ಮೇಷ್ಟ್ರ ಬಗ್ಗೆ ಮಾತಾಡಿದರು.

ಎರಡನೇ ಬ್ಯಾಟರಿ ಅರ್ಧ ಇಳಿದಿರುವಾಗ ಫೋನ್ ಬಂತು. ಯಾವುದೋ ಬಟ್ಟೆ ಅಂಗಡಿಯ ಲಿಫ್ಟ್ ನಿಂತಿದೆ, ಬೇಗ ಬಾ ಎಂದರು ಸೂಪರ್‌ವೈಸರ್. ಮಗಳು ತನ್ನ ಸ್ಟೂಲನ್ನು ಗೋಡೆಯ ಕಡೆಗೆ ಸರಿಸಿ, ಅವನಿಗೆ ಎದ್ದು ಹೋಗಲು ದಾರಿ ಮಾಡಿದಳು.

"ಒಳಗೆ ಯಾರಾದ್ರೂ ಸಿಕ್ಕಿಹಾಕಿಕೊಂಡಿದಾರಾ ಸರ್?" ಎಂದು ಕೇಳಿದ. ಇಲ್ಲವೆಂದರು.

"ಹಾಗಾದ್ರೆ ಬೇರೆಯವರನ್ನ ಕಳಿಸಿ. ಇಲ್ಲಿ ಬ್ಯಾಟರಿ ಇಳೀತಾ ಇದೆ, ಬಿಟ್ಟು ಬರೋ ಹಾಗಿಲ್ಲ."

ಅಂತಹದ್ದೇನೂ ಇರಲಿಲ್ಲ. ತಂತಿ ಕಿತ್ತರೆ ಮುಗಿಯಿತು, ಎದ್ದು ಹೋಗಬಹುದಿತ್ತು. ಆ ರಟ್ಟನ್ನು ಬರೆದವಳಿಗೆ ಅದು ಅವನಷ್ಟೇ ಚೆನ್ನಾಗಿ ಗೊತ್ತಿತ್ತು. ಅವಳು ತಪ್ಪು ಹಿಡಿಯದೆ ಸ್ಟೂಲನ್ನು ಮತ್ತೆ ಅವನ ಪಕ್ಕಕ್ಕೆ ಎಳೆದುಕೊಂಡಳು.