ಸಂಘಮಿತ್ರ ತೆರೆದ ಆಟದ ಕೋಣೆ

ಸುತ್ತೋಲೆ ದೆಹಲಿಯದಿರಲಿ ಬೆಂಗಳೂರಿನದಿರಲಿ, ನನ್ನ ಗೆಳತಿ ಸಂಘಮಿತ್ರ ಅದನ್ನು ಕೊನೆಯ ಪುಟದಿಂದ ಓದುತ್ತಿದ್ದಳು, ಅದೂ ಗಟ್ಟಿಯಾಗಿ. ಏಪ್ರಿಲ್ ಬಿಸಿಲಲ್ಲೂ ಬಿಡದ ಕಂದು ಸ್ವೆಟರಿನ ಜೇಬಿನಲ್ಲಿ ಸೀಮೆಸುಣ್ಣದ ಚೂರುಗಳನ್ನು ಆಡಿಸುತ್ತಾ, ಎಡಗಾಲನ್ನು ತುಸು ಎಳೆದು ಹಾಕುತ್ತಾ, ತಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಹೂಟಗಳ್ಳಿಯ ಸರ್ಕಾರಿ ಶಾಲೆಯ ಜಗಲಿಯುದ್ದಕ್ಕೂ ಓದಿಕೊಂಡು ಓಡಾಡುವಳು. “ಮೊದಲ ಪುಟ ಬರೀ ನಮಸ್ಕಾರ ಕಣೇ,” ಎನ್ನುವಳು.

ಯಾವ ಮಗುವನ್ನೂ ಶಾಲೆಯಿಂದ ಹೊರಗಿಡುವಂತಿಲ್ಲವೆಂದು ಕೇಂದ್ರದ ಕಾನೂನು ಬಂದಾಗ, ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಹೋಗಿ ಮಕ್ಕಳನ್ನು ಕೈಹಿಡಿದು ಕರೆತಂದವಳು ಅವಳು. ವರ್ಷಗಳು ಕಳೆದ ಮೇಲೆ ಅದೇ ದೆಹಲಿ, ಆರು ತುಂಬದೆ ಒಂದನೇ ತರಗತಿ ಇಲ್ಲವೆಂದಿತು. ಎಳೆಯ ಬೆರಳಿಗೆ ಪೆನ್ಸಿಲು ತುರುಕಬಾರದೆಂದು ಮೊದಲಿನಿಂದ ವಾದಿಸುತ್ತಿದ್ದವಳಿಗೆ ಆ ನಿಯಮವೂ ಒಪ್ಪಿಗೆಯೇ ಆಗಿತ್ತು, ಪುಟ್ಟಲಿಂಗಮ್ಮ ಬಂದು ನಿಲ್ಲುವವರೆಗೆ. ಆಕೆ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುವವಳು. ಮಗಳು ಧರಣಿಗೆ ಆರು ತುಂಬಲು ಇನ್ನೂ ಒಂದೆರಡು ತಿಂಗಳಿತ್ತು. ಶಾಲೆಗೆ ಸೇರದಿದ್ದರೆ ಆ ಕೂಸು ವರ್ಷವಿಡೀ ಕಾರ್ಖಾನೆಯ ಗೇಟಿನ ಬಳಿ, ಲಾರಿಗಳ ನಡುವೆ ಕೂರಬೇಕು.

“ಜೂನ್ ಒಂದಕ್ಕೆ ಆರು ತುಂಬ್ತು ಅಂತ ಬರ್ಕೊಬುಡಿ ಮೇಡಮ್ಮೋರೇ. ಎಲ್ಲಾರ್ಗೂ ಅಂಗೇ ಅಲ್ವಾ ಬರಿಯೋದು?”

“ನನಗೂ ನಮ್ಮ ಮೇಷ್ಟ್ರು ಹಂಗೇ ಬರೆದ್ರು ಕಣಮ್ಮ. ಅದಕ್ಕೇ ಒಂದು ವರ್ಷ ಮುಂಚೇನೇ ರಿಟೈರ್ ಮಾಡಿ ಕಳಿಸ್ತಾರೆ ನನ್ನ. ನಿನ್ನ ಮಗಳ ವಯಸ್ಸು ನಾನ್ಯಾಕೆ ಕದೀಲಿ?”

“ಅಂಗಾರೆ ಗೇಟ್ ತಾವ ಕೂರಿಸ್ಲಾ?”

“ಇಲ್ಲೇ ಬಿಟ್ಟೋಗು. ಸಂಜೆ ಬಾ.”

ಆ ನಿಯಮ ತಂದ ದೆಹಲಿಯ ಶಿಕ್ಷಣ ನೀತಿಯ ಒಳಪುಟಗಳಲ್ಲೇ ಸಂಘಮಿತ್ರಳಿಗೆ ದಾರಿ ಸಿಕ್ಕಿತು: ಆರಕ್ಕೆ ಮುಂಚಿನ ಮಕ್ಕಳಿಗೆ ಆಟದ ಕಲಿಕೆ ಇರಬೇಕೆಂದು ಅಲ್ಲಿತ್ತು. ಮೇಲಧಿಕಾರಿ ಸಿದ್ದಲಿಂಗಸ್ವಾಮಿ ಅಡ್ಡಡ್ಡ ತಲೆಯಾಡಿಸಿದರು. “ಆ ನೀತಿ ನಮ್ಮ ರಾಜ್ಯಕ್ಕೆ ಬೇಡ ಅಂತ ಆಗಿದೆ ಮೇಡಂ, ನಮ್ಮದೇ ಬೇರೆ ಬರ್ತಿದೆ.”

“ಬಾಗಿಲು ಹಾಕೋ ನಿಯಮ ಮಾತ್ರ ಉಳೀತಾ ಸಾರ್? ಓರಗಿತ್ತಿಯರು ಜಗಳ ಆಡ್ಕೊಳ್ಲಿ, ಒಲೆ ಹಚ್ಚೋರು ಯಾರು?”

ಅವರು ನಕ್ಕರು. ಹಳೆಯ ಸಾಮಾನಿನ ಕೋಣೆ ಖಾಲಿಯಾದರೆ ನಡೆಸಿಕೊಳ್ಳಿ ಎಂದರು. ಅಂದೇ ಸಂಜೆ ಸಂಘಮಿತ್ರ, ಪುಟ್ಟಲಿಂಗಮ್ಮ ಇಬ್ಬರೂ ಸೇರಿ ಮುರಿದ ಬೆಂಚುಗಳನ್ನು ಹೊರಗೆಳೆದರು. ಮರುವರ್ಷ ಧರಣಿ ತನ್ನ ನಿಜವಾದ ವಯಸ್ಸಿನಲ್ಲೇ ಒಂದನೇ ತರಗತಿಗೆ ನಡೆದಳು. ಕೋಣೆ ಆಗಲೇ ಬೇರೆ ಮಕ್ಕಳಿಂದ ತುಂಬಿತ್ತು.

ಸಂಘಮಿತ್ರ ತೀರಿಕೊಂಡು ತಿಂಗಳಾಯಿತು. ಮೊನ್ನೆ ಆ ಆಟದ ಕೋಣೆಗೆ ಹೋಗಿದ್ದೆ. ಒಳಗಿನ ಗಲಾಟೆಯಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಅಳು ಬರಬೇಕಿದ್ದ ಕಡೆ ನಗು ಬಂತು.

ಮಕ್ಕಳ ಓದಿನ ಹೊಣೆಯಲ್ಲಿ ತನ್ನ ಪಾಲೆಷ್ಟೆಂದು ದೆಹಲಿ ಬೆಂಗಳೂರಿನೊಡನೆ ಇನ್ನೂ ವಾದಿಸುತ್ತಿದೆ, ವಾದಿಸಲಿ. ಸಂಘಮಿತ್ರಳಂಥವರು ತೀರ್ಪಿಗೆ ಕಾಯುವವರಲ್ಲ. ಮೇಲಿನಿಂದ ಬಂದದ್ದರಲ್ಲಿ ಮಗುವಿಗೆ ಆಗಿಬರುವಷ್ಟನ್ನು ಎತ್ತಿಕೊಂಡು, ಸುಳ್ಳು ಹೇಳದೆ, ಕೆಲಸಕ್ಕೆ ಇಳಿಯುತ್ತಾರೆ. ಅಂಥವರು ಇನ್ನೂ ಎಷ್ಟೋ ಶಾಲೆಗಳಲ್ಲಿದ್ದಾರೆಂದು ನಂಬುವುದು ನನಗೆ ಕಷ್ಟವಲ್ಲ. ಇವಳಿಲ್ಲವೆಂದು ನಂಬುವುದೇ ಕಷ್ಟ.